ನೋಟಾ ಇಲ್ಲ, ನೋಟ ಉಂಟು

ಮತದಾರ ಕೇಳಿದರೇ ಆಡಳಿತ ಏಳುವುದು ಎನ್ನುವವರು ಗುಜರಾತನ್ನು ನೋಡಬೇಕು. 2010ರ ಮೇನಲ್ಲಿ ಅಹಮದಾಬಾದಿನ ಸೆಕೆಗೆ ಸಾವಿರಕ್ಕೂ ಹೆಚ್ಚು ಜೀವ ಹೋದವು. ಬಿಸಿ ಮುಟ್ಟಿದ್ದೇ 2013ರಲ್ಲಿ ದೇಶದ ಮೊದಲ ಶಾಖ ಕ್ರಿಯಾ ಯೋಜನೆ ಸಿದ್ಧ. ಮೂರೇ ವರ್ಷ! ನಮ್ಮ ಕಡತಗಳ ನಡಿಗೆ ಬಲ್ಲವರು ಇದನ್ನು ಓಟ ಎನ್ನುತ್ತಾರೆ. ವೋಟಿಗೇನು ಕೆಲಸ? ಸೂರತ್‌ನ ಹೋಟೆಲ್ ಗಲ್ಲಾದ ಶೆಟ್ಟರೂ ಇದನ್ನೇ ವಾದಿಸುತ್ತಾರೆ.

ರಾಯರು: ಶೆಟ್ರೆ, 2024ರಲ್ಲಿ ಲೋಕಸಭೆಗೆ ವೋಟು ಹಾಕಿದ್ರಾ?

ಶೆಟ್ಟರು: ಆ ತೊಂದರೆಯೇ ಕೊಡ್ಲಿಲ್ಲ ಮಾರಾಯ್ರೆ. ಕೆಲವರ ನಾಮಪತ್ರ ತಿರಸ್ಕಾರ ಆಯ್ತು, ಮಿಕ್ಕವರು ವಾಪಸ್ ತಗೊಂಡ್ರು, ಏಪ್ರಿಲ್ 22ಕ್ಕೇ ಎಂಪಿ ತಯಾರು. ಬೆರಳಿಗೆ ಶಾಯಿಯೂ ಇಲ್ಲ.

ರಾಯರು: ನೋಟಾ ಒತ್ತಬಹುದಿತ್ತಲ್ಲ?

ಶೆಟ್ಟರು: ನೋಟಾ ಎಲ್ಲಿಂದ? ಬರೀ ನೋಟ.

ರಾಯರು: ಅವಿರೋಧ ಆಯ್ಕೆ ಕಾನೂನಿನಲ್ಲೇ ಇದೆ ಬಿಡಿ.

ಶೆಟ್ಟರು: ನಾನೂ ವಿರೋಧಿಸ್ಲಿಲ್ಲ, ಅದಕ್ಕೇ ಅವಿರೋಧ! ವಡೋದರಾದವರು ವೋಟು ಹಾಕಿ ಏನು ಕಂಡ್ರು? ಆಗಸ್ಟಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿತು.

ರಾಯರು: ಮನೆ ಬಾಗಿಲಿಗೆ ಯಾರೂ ಬರಲಿಲ್ವಾ?

ಶೆಟ್ಟರು: ಮೊಸಳೆ ಬಂತಲ್ಲ. ಪಾಪ, ಕಣ್ಣೀರು ಮಾತ್ರ ಹಾಕ್ಲಿಲ್ಲ.

ರಾಯರು: ಆದರೂ ನಿಮ್ಮ ಸೂರತ್ ಎಷ್ಟು ಸ್ವಚ್ಛ! ವೋಟಿಂದಲೇ ಅಲ್ವಾ?

ಶೆಟ್ಟರು: 1994ರಲ್ಲಿ ಪ್ಲೇಗ್ ಬಂತು, 1995ರಲ್ಲಿ ಕಮಿಷನರ್ ಎಸ್.ಆರ್. ರಾವ್ ಬಂದು ಗುಡಿಸಿದ್ರು.

ರಾಯರು: ಹಾಗಾದ್ರೆ ಮುಂದಿನ ಕೆಲಸಕ್ಕೆ ಅರ್ಜಿ ಯಾರಿಗೆ?

ಶೆಟ್ಟರು: ಇಲಿಗೆ.