ಮಾತು ಬಿಟ್ಟ ಮನೆಗಳಲ್ಲಿ ‘ಎರಡು ಕನಸು’

ಮೊದಲ ಪ್ರೇಮವನ್ನು ಮುರಿಯುವ ಕೆಲಸವನ್ನು ವಿಧಿಗೆ ವಹಿಸುವುದಕ್ಕಿಂತ ಹತ್ತಿರದ ನಂಟರಿಗೆ ವಹಿಸಿದರೆ ಹೆಚ್ಚು ಅಚ್ಚುಕಟ್ಟಾಗಿ ನೆರವೇರುತ್ತದೆ ಎಂಬುದನ್ನು, ವಾಣಿ ಎಂಬ ಕಾವ್ಯನಾಮದ ಬಿ.ಎನ್. ಸುಬ್ಬಮ್ಮನವರ ‘ಎರಡು ಕನಸು’ ಕಾದಂಬರಿ ಚೆನ್ನಾಗಿ ತೋರಿಸಿಕೊಡುತ್ತದೆ. ನಾಯಕ ರಾಮಚಂದ್ರರಾಯ ಪ್ರೀತಿಸಿದ ಲಲಿತೆ ಸೋದರಿಕೆಯ ಹುಡುಗಿ, ಎಂದರೆ ಸೋದರಮಾವ ಇಲ್ಲವೇ ಸೋದರತ್ತೆಯ ಕಡೆಯಿಂದ ಮದುವೆಗೆ ಸಲ್ಲುವ ಸಂಬಂಧದವಳು. ಹಿರಿಯರು ಸುಮ್ಮನಿದ್ದಿದ್ದರೆ ಎರಡನೆಯ ಅಧ್ಯಾಯಕ್ಕೇ ಲಗ್ನವಾಗಿ, ಕಾದಂಬರಿಗೆ ಕೆಲಸವೇ ಇರುತ್ತಿರಲಿಲ್ಲ. ಹಿರಿಯರು ಸುಮ್ಮನಿರುವುದಿಲ್ಲ. ಎರಡು ಮನೆಗಳ ನಡುವೆ ವೈಮನಸ್ಯ ಹುಟ್ಟಿ, ಲಲಿತೆ ಬೇರೆ ಮನೆ ಸೇರಿ, ನಾಯಕನು ಮನೆಯವರ ಒತ್ತಾಯಕ್ಕೆ ಗೌರಿಯ ಕೈಹಿಡಿದರೂ ಹಳೆಯ ಕನಸನ್ನು ಕೈಬಿಡುವುದಿಲ್ಲ. ಅವನು ಬಿಡುವ ನಿಟ್ಟುಸಿರುಗಳ ಖರ್ಚನ್ನೆಲ್ಲ ಗೌರಿಯೇ ಭರಿಸಬೇಕಾಗುತ್ತದೆ.

ಇದು ನ್ಯಾಯವಲ್ಲವೆಂದು ಓದುಗರಿಗೆ ಆಗಾಗ ಅನ್ನಿಸಿದರೂ, 1974ರಲ್ಲಿ ದೊರೈ-ಭಗವಾನ್ ನಿರ್ದೇಶನದಲ್ಲಿ ಕಥೆ ತೆರೆಗೆ ಬಂದು ನಾಯಕನ ಪಾತ್ರ ರಾಜ್‌ಕುಮಾರ್ ಅವರ ಪಾಲಾದ ಮೇಲೆ, ಆ ಆಕ್ಷೇಪವನ್ನು ಗಟ್ಟಿಯಾಗಿ ಎತ್ತುವ ಧೈರ್ಯ ಬಹಳ ಮಂದಿಗೆ ಉಳಿದಿರಲಾರದು. ಗೌರಿಯಾಗಿ ಕಲ್ಪನಾ ಇದ್ದುದರಿಂದ ಅಳುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಓದುಗರ ಈ ಅಳುವಿಗೆ ಕಾವ್ಯಮೀಮಾಂಸೆಯಲ್ಲಿ ಗೌರವದ ಸ್ಥಾನವಿದೆ. ಅಗಲಿದ ಪ್ರೇಮಿಗಳು ಮತ್ತೆ ಕೂಡುವ ಆಸೆ ಉಳಿದಿದ್ದರೆ ಅದು ವಿಪ್ರಲಂಭ ಶೃಂಗಾರ, ಆಸೆಯೇ ಅಳಿದರೆ ಕರುಣ ಎಂದು ಆಲಂಕಾರಿಕರು ಗೆರೆ ಎಳೆದಿದ್ದಾರೆ; ಲಲಿತೆ ಪರರ ಗೃಹಿಣಿಯಾದ ಮೇಲೂ ನಾಯಕ ತಾನಿನ್ನೂ ಮೊದಲನೆಯದರಲ್ಲೇ ಇದ್ದೇನೆಂದು ಭಾವಿಸಿರುವುದೇ ಅವನ ಸಂಸಾರದ ತೊಡಕು. ಇದಕ್ಕಿಂತ ಉಪಯುಕ್ತವಾದದ್ದು ಸಾಧಾರಣೀಕರಣದ ತತ್ತ್ವ. ಭಟ್ಟನಾಯಕ ಮಂಡಿಸಿ ಅಭಿನವಗುಪ್ತ ಬೆಳೆಸಿದ ಈ ತತ್ತ್ವದ ಪ್ರಕಾರ, ಕೃತಿಯಲ್ಲಿ ಬರುವ ಭಾವವು ‘ನನ್ನದು’, ‘ಅವನದು’ ಎಂಬ ಗುರುತುಗಳನ್ನು ಕಳಚಿಕೊಂಡು ಎಲ್ಲರದೂ ಆಗುವುದರಿಂದಲೇ ಸಹೃದಯನು, ಅಂದರೆ ಒಳ್ಳೆಯ ಓದುಗನು, ದುಃಖವನ್ನೂ ಸವಿಯಬಲ್ಲನು.

ಕನ್ನಡದ ಓದುಗರು ಈ ತತ್ತ್ವವನ್ನು ಓದದೆಯೇ ಅಕ್ಷರಶಃ ಪಾಲಿಸುತ್ತ ಬಂದಿದ್ದಾರೆ. ತೋಟದ ಪಾಲಿನ ವಿಷಯಕ್ಕೋ, ಮದುವೆಮನೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲವೆಂಬ ಕಾರಣಕ್ಕೋ ಒಡಹುಟ್ಟಿದವರೊಡನೆ ಮಾತು ಬಿಟ್ಟಿರುವ ಗೃಹಿಣಿಯೊಬ್ಬಳು, ಎರಡು ಮನೆಗಳ ಹಗೆಯಿಂದ ಎಳೆಯರ ಬಾಳು ಹಾಳಾಯಿತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ, ಆ ದುಃಖ ಪೂರ್ಣವಾಗಿ ಸಾಧಾರಣೀಕೃತವಾಗಿರುತ್ತದೆ. ಸ್ವಂತ ಅಣ್ಣನ ನೆನಪು ಅದರಲ್ಲಿ ಎಳ್ಳಷ್ಟೂ ಬೆರೆತಿರುವುದಿಲ್ಲ. ಬೆರೆತರೆ ರಸಭಂಗ. ಕಾದಂಬರಿಯ ಹಿರಿಯರು ಹಟಮಾರಿಗಳೆಂದು ಮೊದಲ ನೂರು ಪುಟಗಳಲ್ಲೇ ತೀರ್ಪು ಕೊಡುವ ಓದುಗರು, ತಮ್ಮ ಹಟಕ್ಕೆ ಸ್ವಾಭಿಮಾನವೆಂಬ ಬೇರೆಯೇ ಹೆಸರಿಟ್ಟುಕೊಂಡಿರುತ್ತಾರೆ. ಗೌರಿಯ ವಿಷಯದಲ್ಲೂ ಹೀಗೆಯೇ: ಅತ್ತೆ ಸೊಸೆಯರು ಒಂದೇ ಪ್ರತಿಯನ್ನು ಸರದಿಯ ಮೇಲೆ ಓದಿ, ಇದು ತನ್ನದೇ ಕಥೆಯೆಂದು ಇಬ್ಬರೂ ಬೇರೆ ಬೇರೆಯಾಗಿ ನಿಶ್ಚಯಿಸಿಕೊಳ್ಳುವುದು ಅಸಂಭವವೇನಲ್ಲ.

ಇಂಥ ಪುಸ್ತಕಗಳು ಓದುಗರನ್ನು ಮುಟ್ಟುತ್ತಿದ್ದುದು ಬಹುಪಾಲು ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮೂಲಕ, ಎಂದರೆ ಅಲ್ಪ ಬಾಡಿಗೆ ಪಡೆದು ಪುಸ್ತಕ ಮನೆಗೆ ಕೊಡುತ್ತಿದ್ದ ಬಡಾವಣೆಯ ಅಂಗಡಿಗಳ ಮೂಲಕ. ಅಲ್ಲಿ ಮಾತು ಬಿಟ್ಟ ತಂಗಿ ಹಿಂದಿರುಗಿಸಿದ ಪ್ರತಿಯನ್ನೇ ಮುಂದಿನ ವಾರ ಅತ್ತಿಗೆ ಒಯ್ದು, ಹಿಂದೆ ಓದಿದವರಾರೋ ಅಂಚಿನಲ್ಲಿ ‘ಅಯ್ಯೋ ಪಾಪ’ ಎಂದು ಪೆನ್ಸಿಲಿನಲ್ಲಿ ಬರೆದ ಕಡೆಯಲ್ಲೇ ತಾನೂ ಕಣ್ತುಂಬಿಕೊಂಡು, ಬರೆದವರು ಯಾರೋ ಬಹಳ ಮೃದು ಮನಸ್ಸಿನವರಿರಬೇಕೆಂದು ಮೆಚ್ಚಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.