ಸಬ್ಸಿಡಿ ಶಾಮಣ್ಣ

ಸಬ್ಸಿಡಿ ಶಾಮಣ್ಣ ಇಲ್ಲದ ತಾಲ್ಲೂಕು ನಮ್ಮಲ್ಲಿಲ್ಲ. ಇವರು ದಾವಣಗೆರೆಯವರು. ಬಗಲಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನೊಳಗೆ ಪ್ರಾಜೆಕ್ಟ್ ರಿಪೋರ್ಟು, ರಿಪೋರ್ಟಿನ ಕೊನೆಯ ಪುಟದಲ್ಲಿ ಐದನೇ ವರ್ಷದ ಲಾಭ. ಮೊದಲನೇ ವರ್ಷ ಇನ್ನೂ ಶುರುವಾಗಿಲ್ಲ.

ಯೋಜನೆಗಳೆಲ್ಲ ಬಾಯಿಪಾಠ. ಮುದ್ರಾ ಸಾಲದಲ್ಲಿ ಶಿಶು 50,000 ರೂಪಾಯಿವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ. ಪಿಎಂಇಜಿಪಿಯಲ್ಲಿ ಪೇಟೆಯ ಘಟಕಕ್ಕೆ ಶೇ 15 ಸಬ್ಸಿಡಿ, ಹಳ್ಳಿಯದಕ್ಕೆ ಶೇ 25, ಹಳ್ಳಿಯ ಮಹಿಳೆಗೆ ಶೇ 35. ಇದು ತಿಳಿದ ದಿನವೇ ಶಾಮಣ್ಣ ಇಲ್ಲದ ಕಾರ್ಖಾನೆಯನ್ನು ಹಳ್ಳಿಗೆ ಸಾಗಿಸಿ ಹೆಂಡತಿಯ ಹೆಸರಿಗೆ ಮಾಡಿದರು. ಆಕೆ ಸರ್ಕಾರಿ ಶಾಲೆಯ ಟೀಚರು, ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ ಎಂಬುದು ಆಮೇಲೆ ನೆನಪಾಯಿತು. ಸಬ್ಸಿಡಿಯಾದರೂ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಇದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ಈ ‘ನಡೆಯುತ್ತಿದ್ದರೆ’ ಶಾಮಣ್ಣನವರಿಗೆ ಅನಾವಶ್ಯಕ ಷರತ್ತಾಗಿ ಕಂಡಿದೆ.

ಮಾತು ಮುಗಿಯುವುದು ಇನ್ಫೋಸಿಸ್‌ನಲ್ಲಿ. “1981ರಲ್ಲಿ ಸುಧಾಮ್ಮ ಕೊಟ್ಟಿದ್ದು ಬರೀ ಹತ್ತು ಸಾವಿರ!” ಆ ಹತ್ತು ಸಾವಿರ ಸುಧಾ ಮೂರ್ತಿಯವರ ಉಳಿತಾಯ, ಅದರ ಹಿಂದೆ ತಿಂಗಳ ಸಂಬಳವಿತ್ತು. ಸೋತರೂ ಒಲೆ ಉರಿಯುತ್ತದೆ ಎಂಬ ಧೈರ್ಯವೇ ಅರ್ಧ ಬಂಡವಾಳ. ಶಾಮಣ್ಣನವರಿಗೂ ಅದು ಉಂಟು: ಸಂಬಳ ಹೆಂಡತಿಯದು, ಸಬ್ಸಿಡಿ ಸರ್ಕಾರದ್ದು. ಆದರೆ ಯೋಜನಾ ವೆಚ್ಚದಲ್ಲಿ ಒಂದು ಪಾಲು ಸ್ವಂತ ಹಣ ಹಾಕಬೇಕು ಎಂಬ ಸಾಲು ಬಂದಾಗಲೆಲ್ಲ ಅವರಿಗೆ ಕಾಫಿ ನೆನಪಾಗುತ್ತದೆ.

ಎದುರುಮನೆಯ ಹೆಣ್ಣುಮಗಳು ಯಾವ ರಿಪೋರ್ಟನ್ನೂ ಬರೆಸಿಲ್ಲ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ತಿಂಗಳಿಗೊಮ್ಮೆ ಬರತೊಡಗಿದ ಮೇಲೆ ಮನೆಯ ರೇಷನ್ನಿನ ಚಿಂತೆ ತುಸು ತಗ್ಗಿತು. ಉಳಿಸಿದ ದುಡ್ಡಲ್ಲಿ ಜೋಳ ತಂದು ರೊಟ್ಟಿ ಬಡಿಯಲು ಕೂತಳು. ಈಗ ಎರಡು ಖಾನಾವಳಿಗೆ ಅವಳದೇ ರೊಟ್ಟಿ. ಏನು ಮಾಡುತ್ತೀ ಎಂದು ಕೇಳದೆ ಬಂದ ದುಡ್ಡು ಇದು. ಫೈಲು ಕೇಳುವ ದುಡ್ಡಿಗಿಂತ ಚುರುಕು ಎನಿಸಿದರೆ ತಪ್ಪಿಲ್ಲ.

ಶಾಮಣ್ಣ ಸುಮ್ಮನಿರುತ್ತಾರೆಯೇ? “ದೊಡ್ಡದಾಗಿ ಮಾಡು ತಂಗಿ. ಉದ್ಯಮ್ ನೋಂದಣಿ ಮಾಡಿಸು, ಜಿಎಸ್‌ಟಿ ನಂಬರ್ ತಗೋ.”

“ಜಿಎಸ್‌ಟಿ ತಗೊಂಡ್ರೆ ಗೃಹಲಕ್ಷ್ಮಿ ಬಂದ್ ಆಗುತ್ತಂತಲ್ರೀ ಅಣ್ಣಾರ?”

ಆಗುವುದು ನಿಜ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಿಗೆ ಆ ಹಣವಿಲ್ಲ. ಶಾಮಣ್ಣ ಫೈಲನ್ನೆಲ್ಲ ತಿರುವಿದರು, ಉತ್ತರ ಸಿಗಲಿಲ್ಲ.

“ಇದಕ್ಕೊಂದು ಸ್ಕೀಮು ಬರಬೇಕು,” ಎಂದು ಮಂತ್ರಿಗಳಿಗೆ ಮನವಿ ಬರೆಯಲು ಎದ್ದರು. ಹೋಗುವಾಗ ನಾಲ್ಕು ರೊಟ್ಟಿ ಕಟ್ಟಿಸಿಕೊಂಡರು, ಲೆಕ್ಕಕ್ಕೆ.