ಅಂಗಂದ್ರೇನ್ ಸ್ವಾಮಿ?

(ಕಿರುಗಾವಲಿನಲ್ಲಿ ಮಣ್ಣು ಆರೋಗ್ಯ ಚೀಟಿಯ ಅರಿವು ಶಿಬಿರ. 2015ರಲ್ಲಿ ಶುರುವಾದ ಯೋಜನೆ. ಚೀಟಿಯಲ್ಲಿ 12 ಅಂಶ. ಓದಿದರೆ ಅರ್ಥವಾಗುವುದು ರೈತನ ಹೆಸರೊಂದೇ, ಅದೂ ಅಚ್ಚಿನ ತಪ್ಪಿಲ್ಲದಿದ್ದರೆ.)

ಸಾಹೇಬರು: ನಿಮ್ಮ ಮಣ್ಣಿನ ರಸಸಾರ 8.6. ಕ್ಷಾರೀಯತೆಯಿಂದ ಸತುವಿನ ಲಭ್ಯತೆ ಕುಂಠಿತಗೊಂಡಿದೆ.

ಗೌಡ: ಅಂಗಂದ್ರೇನ್ ಸ್ವಾಮಿ?

ಸಾಹೇಬರು: ಸೂಕ್ಷ್ಮ ಪೋಷಕಾಂಶದ ಕೊರತೆ.

ಗೌಡ: ಅಂಗಂದ್ರೆ?

ಸಾಹೇಬರು: ಸರಳವಾಗಿ ಹೇಳ್ತೀನಿ. ಜಿಂಕ್ ಡಿಫಿಶಿಯೆನ್ಸಿ!

ಗೌಡ: ಭತ್ತದೆಲೆ ತುಕ್ಕು ಹಿಡ್ದಂಗಾಗಿ ಪೈರು ಗಿಡ್ಡಕ್ಕೇ ನಿಂತೋಯ್ತದಲ್ಲ, ಅದಾ?

ಸಾಹೇಬರು: ಅದೇ, ಅದೇ!

ಗೌಡ: ನಾಲೆ ನೀರು ನಿಂತೂ ನಿಂತೂ ಗದ್ದೆಗೆ ಚೌಳು ಬಂದದೆ. ಸತು ಮಣ್ಣಲ್ಲಿದ್ರೂ ಬೇರಿಗೆ ಸಿಕ್ಕಾಕಿಲ್ಲ. ಮೊದ್ಲು ಬಸಿಗಾಲುವೆ, ಜಿಪ್ಸಂ. ಆಮೇಲೆ ಜಿಂಕ್ ಸಲ್ಫೇಟು. ಅಷ್ಟೇ ತಾನೆ?

ಸಾಹೇಬರು: (ಬರೆದುಕೊಳ್ಳುತ್ತಾ) ಒಸಿ ನಿಧಾನಕ್ಕೆ ಹೇಳಿ ಗೌಡ್ರೇ.

ಗೌಡ: ಇದೇ ಊರಲ್ಲಿ ಸಯ್ಯದ್ ಘನಿ ಖಾನ್ ಅವ್ರು ನೂರಾರು ಭತ್ತದ ತಳೀನ ತೆನೆ ಸಮೇತ ತೋರುಸ್ತಾರೆ. ನೀವು ಒಂದ್ ಎಲೆನಾದ್ರೂ ತರಬಾರ್ದಿತ್ತಾ?

ಸಾಹೇಬರು: ಎಲೆಗೆ ಅನುದಾನ ಇಲ್ಲ, ಬ್ಯಾನರಿಗೆ ಮಾತ್ರ. ಸರಿ, ಫೋಟೊಗೆ ನೋಡಿ. ವರದೀಲಿ ‘ಅರಿವು ಮೂಡಿಸಲಾಯಿತು’ ಅಂತ ಹಾಕ್ಬೇಕು.

ಗೌಡ: ಯಾರು ಯಾರಿಗೆ ಅನ್ನೋದ್ನೂ ಹಾಕಿ ಸ್ವಾಮಿ.